ಮೂರು ಕಹಳೆಯ ಹಳೆತನ

"ಇದೇ ಕೋಣೆ ಮೇಡಂ. ರಾಣಿ ಮಲಗಿದ್ದು ಇಲ್ಲೇ," ಎಂದ ಸಿರಿಲ್ ಹಾಬ್ಡೇ, ಸೊಂಟ ಬಗ್ಗಿಸಿ.

"ಯಾವ ರಾಣಿ?" ಎಂದಳು ಮಿಸ್ ಪಿಲ್ಬೀಮ್.

ಸಿರಿಲ್ ಅಷ್ಟು ದೂರ ಯೋಚಿಸಿರಲಿಲ್ಲ. ಸುತ್ತಮುತ್ತಲಿನ ಪಬ್ಬುಗಳಲ್ಲೆಲ್ಲ ಯಾವಳೋ ಒಬ್ಬ ರಾಣಿ ಮಲಗಿ ಎದ್ದು ಹೋಗಿದ್ದಾಳೆ. ಯಾವಳೆಂದು ಗಿರಾಕಿಗಳು ಕೇಳಿದ್ದೇ ಇಲ್ಲ. ಆದರೆ ಈಕೆ ಗಿರಾಕಿಯಲ್ಲ, ಪುರಾತನ ಕಟ್ಟಡಗಳನ್ನು ಗುರುತಿಸುವ ಅಧಿಕಾರಿ. ಒಂದು ಕಾಲಕ್ಕೆ ಲಂಡನ್ನಿಗೆ ಹೋಗುವ ಸಾರೋಟುಗಳೆಲ್ಲ ನಿಲ್ಲುತ್ತಿದ್ದ ‘ಮೂರು ಕಹಳೆ’ ಪಬ್ಬಿನಲ್ಲಿ ಉಳಿಸಬೇಕಾದದ್ದು ಇದೆಯೆಂದು ಈಕೆ ಬರೆದುಕೊಟ್ಟರೆ ಬಚಾವು. ಇಲ್ಲದಿದ್ದರೆ ಮಾಲೀಕ ಕಂಪನಿ ಕೆಡವಿ ಫ್ಲ್ಯಾಟ್ ಕಟ್ಟುತ್ತದೆ. ಅರ್ಧ ಆಯುಸ್ಸು ಇಲ್ಲೇ ಬಿಯರ್ ಸುರಿದ ಸಿರಿಲ್‌ಗೆ ಈ ಪಬ್ ಎಂದರೆ ಪ್ರಾಣ. ಬೇರೆ ಸೂರೂ ಇಲ್ಲ.

ಅದಕ್ಕೆಂದೇ ಬೆವರು ಸುರಿಸಿ ಕಟ್ಟಡವನ್ನು ಹಳತು ಮಾಡಿದ್ದ. ಸಂತೆಯಲ್ಲಿ ಕೊಂಡ ಕತ್ತಿಗಳನ್ನು ಉಪ್ಪುನೀರಿನಲ್ಲಿ ನೆನೆಸಿ ತುಕ್ಕು ಹಿಡಿಸಿ ಗೋಡೆಗೆ ಏರಿಸಿದ್ದ.

ಕೆಳಗಿಳಿದು ಬಂದ ಮಿಸ್ ಪಿಲ್ಬೀಮ್, ಬಾರಿನ ಮೇಲಿನ ಕರಿ ತೊಲೆಯನ್ನು ಬೆರಳಿನಿಂದ ತಟ್ಟಿದಳು. ಖಾಲಿ ಡಬ್ಬಿಯ ಸದ್ದು ಬಂತು. ಬೆರಳಿಗೆ ಬೂಟ್ ಪಾಲಿಶ್ ಮೆತ್ತಿಕೊಂಡಿತು.

"ಅದರೊಳಗೆ ದೆವ್ವ ಇದೆ ಮೇಡಂ," ಎಂದ ಸಿರಿಲ್ ಗಾಬರಿಯಲ್ಲಿ. "ಬೂದು ಗೌನಿನ ಹೆಂಗಸು. ಅದಕ್ಕೇ ಟೊಳ್ಳು."

"ಸುಮ್ನಿರ್ರೀ ಸಾಕು," ಗ್ಲಾಸು ಒರೆಸುತ್ತಿದ್ದ ಹೆಂಡತಿ ಎಡ್ನಾ ಗದರಿದಳು. "ಹೋದ ವರ್ಷ ಅವಳು ಮೆಟ್ಟಿಲ ಹತ್ರ ಇದ್ಲು."

ಮಿಸ್ ಪಿಲ್ಬೀಮ್‌ಗೆ ನಗು ತಡೆಯಲಾಗಲಿಲ್ಲ. ಬೆರಳು ಒರೆಸಿಕೊಂಡು ಕುರ್ಚಿ ಎಳೆದು ಕೂತಳು.

"ಯಾಕ್ರೀ ಹೀಗೆ ಒದ್ದಾಡ್ತೀರಿ ಹಾಬ್ಡೇ? ಹಳೇ ಪಬ್ಬು ಸುಟ್ಟುಹೋಗಿ ಇದನ್ನ ಆಮೇಲೆ ಕಟ್ಟಿದ್ದು, ನಂಗೊತ್ತು. ಇದನ್ನ ನೋಡೋಕೆ ನಾನು ಬಂದೇ ಇಲ್ಲ. ಸಾರೋಟಿನ ಕುದುರೆ ಬದಲಾಯಿಸ್ತಿದ್ರಲ್ಲ, ಹಿಂದಿನ ಅಂಗಳದ ಲಾಯ, ಅದನ್ನ ನೋಡೋಕೆ ಬಂದಿದ್ದು. ಅಂಥದ್ದು ಈ ಜಿಲ್ಲೇಲಿ ಇನ್ನೊಂದಿಲ್ಲ. ಅದೊಂದು ಉಳಿಸಬೇಕಾದ ಕಟ್ಟಡಗಳ ಪಟ್ಟಿಗೆ ಸೇರಿದ್ರೆ ಕಂಪನಿಯವರು ಇಲ್ಲಿ ಒಂದು ಇಟ್ಟಿಗೇನೂ ಅಲ್ಲಾಡಿಸೋ ಹಾಗಿಲ್ಲ. ನಡೀರಿ, ತೋರಿಸಿ."

ಸಿರಿಲ್ ಕಾಲು ಕೀಳಲಿಲ್ಲ. ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದ.

"ಮೊನ್ನೆ ಇವರೇ ಅದನ್ನ ಕೆಡವಿಸಿ ಡಾಂಬರು ಹಾಕಿಸಿದ್ರು ಮೇಡಂ," ಎಂದಳು ಎಡ್ನಾ. "ದೊಡ್ಡ ಅಧಿಕಾರಿ ಬರ್ತಾರೆ, ಕಾರು ನಿಲ್ಸೋಕೆ ಜಾಗ ಬೇಡ್ವಾ ಅಂತ."