ಅಮ್ಮನ ಪಕ್ಕದ ಸೀಟು

ಥ್ರಿಫ್ಟ್ ಅಂಗಡಿಯ ಹಳೆ ಬಟ್ಟೆ, ಧೂಳಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಬೆಳೆದ ವೆಸ್ಟ್‌ಮಂಟ್‌ ಊರಿನ ಮನೆಯ ಊಟದ ಮೇಜು ಕಣ್ಣೆದುರು ಬರುತ್ತದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ, ಆ ಮಾತು ಬೇರೆ.

ದಸರಾ ಗೊಂಬೆಗಳಿಗಾಗಿ ಅಮ್ಮ ಪ್ರತಿವರ್ಷ ಮಿಶಿಗನ್ನಿನ ಸಣ್ಣ ಊರುಗಳ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತುತ್ತಿದ್ದಳು. ಕಾರಿನಲ್ಲಿ ಅವಳ ಪಕ್ಕದ ಸೀಟು ನನ್ನದು, ದಾರಿ ಹೇಳುವವನೂ ನಾನೇ. ಹೊರಡುವ ಮುನ್ನ ಆ ಮಧ್ಯಾಹ್ನ ಮಾತ್ರ, ಊಟದ ಮೇಜಿನ ಮೇಲೆ ಹರಡಿದ್ದ ನಕ್ಷೆಯ ಮುಂದೆ ನಮ್ಮಲ್ಲಿಗೆ ಬಂದಿದ್ದ ಡೆಟ್ರಾಯ್ಟ್‌ ದೊಡ್ಡಪ್ಪನ ಮಗಳು ಮೇಘಕ್ಕ ಕೂತಿದ್ದಳು. ಹಿಂದಿನ ಚಳಿಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಿದ್ದರು.

"ಚಿಕ್ಕಮ್ಮ, ಹೈವೇ ಬೇಡ. ಈ ಸಣ್ಣ ರಸ್ತೇಲಿ ಹೋದ್ರೆ ಇನ್ನೂ ಮೂರು ಊರು ಸಿಗತ್ತೆ."

"ಜಾಣೆ! ಈ ಸಲ ನಿಂಗೇಂತ ಪಟ್ಟದ ಗೊಂಬೆ ಹುಡುಕೋಣ. ಮದುವೆ ಕೇಕ್ ಮೇಲಿಡೋ ಗಂಡು-ಹೆಣ್ಣು ಗೊಂಬೆ ಸಿಕ್ಕಿದ್ರೂ ಸಾಕು, ರೇಷ್ಮೆ ಉಡಿಸಿ ರಾಜ-ರಾಣಿ ಮಾಡ್ಬಿಡ್ತೀನಿ."

"ವಾಟ್ ಅಬೌಟ್ ಮಿ?" ಎಂದೆ.

"ಪಟ್ಟದ ಗೊಂಬೆ ಹೆಣ್ಮಕ್ಕಳಿಗೆ ಕೊಡೋದು ಕಣೋ. ನೀನು ಹಿಂದೆ ಕೂತ್ಕೋ, ಅಕ್ಕ ದಾರಿ ಹೇಳ್ತಾಳೆ."

ಮಡಿಕೆಗಳಲ್ಲಿ ಬಟ್ಟೆಯಷ್ಟು ಮೆತ್ತಗಾಗಿದ್ದ ಆ ನಕ್ಷೆಯನ್ನು ನನ್ನತ್ತ ಎಳೆದೆ. ಮೇಘಕ್ಕ ಬಿಡಲಿಲ್ಲ.

"ಅಮ್ಮಾ, ನೋಡು ಇವನನ್ನ!" ಎಂದಳು. ಬಾಯಿತಪ್ಪಿ ಹಾಗೆಂದಳೋ, ನನ್ನ ಹೊಟ್ಟೆಕಿಚ್ಚು ಆಮೇಲೆ ಸೇರಿಸಿಕೊಂಡಿತೋ, ಹೇಳಲಾರೆ. ಅಮ್ಮ ತಿದ್ದುತ್ತಾಳೆಂದು ಕಾದೆ.

"ಏನು ಪುಟ್ಟಾ?" ಎಂದಳು ಅಮ್ಮ. ಅದು ಅವಳು ನನ್ನನ್ನು ಕರೆಯುತ್ತಿದ್ದ ಹೆಸರು. ನಾನು ಓಗೊಟ್ಟೆ. ಅವಳು ನನ್ನತ್ತ ನೋಡುತ್ತಿರಲಿಲ್ಲ.