ಮೋಟಾರ್ ಇಲ್ಲದ್ದು

“ಇದು ನಡುಗುತ್ತಾ?” ಎಂದು ಕೇಳಿದಳು ಅವಳು.

ಗಾಜಿನ ಮೇಜಿನ ಮೇಲೆ ಕಂಪ್ಯೂಟರ್ ಆಟ ಆಡಲು ಹಿಡಿಯುವ ಎರಡು ಗೇಮ್‌ಪ್ಯಾಡ್‌ಗಳಿದ್ದವು. ಎರಡೂ ಕಪ್ಪು, ಎರಡಕ್ಕೂ ಅದೇ ಬಾಗಿದ ಹಿಡಿ, ಹೆಬ್ಬೆರಳಿಟ್ಟು ಆಡಿಸಲು ಅದೇ ಮೋಟು ಕಡ್ಡಿಗಳು. ಹೆತ್ತವರಿಗೂ ಗುರುತು ಸಿಗದ ಅವಳಿಗಳ ಹಾಗೆ ಕೂತಿದ್ದವು. ಅಂಗಡಿಯವನು ಎಡಗಡೆಯದನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ.

“ಇದು ನಡುಗುತ್ತೆ ಅಕ್ಕ, ಒಳಗೆ ಮೋಟಾರ್ ಇದೆ. ಆಟದಲ್ಲಿ ಕಾರು ಹೋಗಿ ಗೋಡೆಗೆ ಗುದ್ದಿದ್ರೆ ಅಂಗೈ ಜುಮ್ ಅನ್ನುತ್ತೆ. ಅದರಲ್ಲಿ ಮೋಟಾರ್ ಇಲ್ಲ. ಬೆಲೆಯೂ ಅರ್ಧ.”

“ಅದೊಂದಕ್ಕೇ ಇಷ್ಟು ವ್ಯತ್ಯಾಸನಾ?”

“ಅದನ್ನೇ ಎಲ್ಲರೂ ಕೇಳೋದು. ಗೇಮ್‌ಪ್ಯಾಡ್ ಮನೆಗೆ ಹೋದ ಮೇಲೆ ನಡುಗುತ್ತೆ, ಗಿರಾಕಿ ಇಲ್ಲೇ ನಡುಗ್ತಾರೆ.” ಅವಳು ನಗದಿದ್ದುದನ್ನು ಕಂಡು ಅವನೇ ಕೇಳಿದ, “ಯಾರಿಗೆ, ತಮ್ಮನಿಗಾ?”

“ಅಪ್ಪನಿಗೆ.”

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸತ್ತಂತಾಗಿತ್ತು. ಈಚೆಗೆ ಬೆರಳುಗಳು ಅಲುಗಾಡತೊಡಗಿದ್ದವು, ಸ್ಪರ್ಶ ಮಾತ್ರ ಬಂದಿರಲಿಲ್ಲ. ಸುಡುವ ಲೋಟ ಹಿಡಿಸಿದರೂ ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಆಟ ಆಡಿಸಿ, ಬೆರಳು ಪಳಗುತ್ತವೆ ಎಂದಿದ್ದಳು ವ್ಯಾಯಾಮ ಮಾಡಿಸುವ ಡಾಕ್ಟರಮ್ಮ. ನಡುಗುವಂಥದ್ದಾದರೆ ಇನ್ನೂ ಒಳ್ಳೆಯದು, ಸ್ಪರ್ಶ ಮರಳಿದ್ದು ತಾನಾಗಿ ಗೊತ್ತಾಗುತ್ತದೆ ಎಂದೂ ಸೇರಿಸಿದ್ದಳು. ಅಪ್ಪ ಕಿವಿಗೆ ಹಾಕಿಕೊಂಡದ್ದು ಎರಡನೆಯ ಮಾತನ್ನಷ್ಟೇ. ಅವನು ಕಟ್ಟಡ ಕಟ್ಟುವಲ್ಲಿ ಕ್ರೇನ್ ನಡೆಸುವವನು. ಮುಗಿಲಿಗೆ ತಾಗಿದಂತಿರುವ ಗೂಡಿನಲ್ಲಿ ಒಬ್ಬನೇ ಕೂತಿರುತ್ತಿದ್ದುದರಿಂದ ಜೊತೆಯವರು ಗಿಡುಗ ಎಂದು ಕರೆಯುತ್ತಿದ್ದರು. ಕಬ್ಬಿಣದ ಕಂತೆ ನೆಲ ಬಿಟ್ಟಿತೋ, ತೂಗಾಡುತ್ತಿದೆಯೋ ಎಂಬುದು ಕಣ್ಣಿಗಿಂತ ಮೊದಲು ಹಿಡಿಕೆಯ ಮೇಲಿನ ಅಂಗೈಗೆ ತಿಳಿಯುತ್ತದೆ ಎಂದು ಅವನೇ ಎಷ್ಟೋ ಸಲ ಹೇಳಿದ್ದ. ಕೈಗೆ ಸ್ಪರ್ಶ ಬಂದರೆ ಗೂಡು ನಿನ್ನದೇ, ಬಾರದಿದ್ದರೆ ಬೇರೆಯವನನ್ನು ಹತ್ತಿಸುತ್ತೇನೆ ಎಂದು ಸೂಪರ್‌ವೈಸರ್ ಹೇಳಿ ಹೋಗಿದ್ದ.

ಮೊದಲು ಬೆರಳು ಪಳಗಲಿ, ಸ್ಪರ್ಶದ ಸುಳಿವು ಕಂಡಾಗ ಒಳ್ಳೆಯದನ್ನೇ ತಂದರಾಯಿತು ಎಂದು ಅವಳು ಲೆಕ್ಕ ಹಾಕಿದಳು. ಕೈಯಲ್ಲಿದ್ದುದನ್ನು ಕೆಳಗಿಟ್ಟು ಇನ್ನೊಂದನ್ನು ಕೊಂಡಳು.

ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. “ನಡುಗೋದನ್ನೇ ತಂದ್ಯಾ?”

“ಹೂಂ.” ಹಾಗನ್ನಲು ಅವಳು ಬಾಯಿ ಕೂಡ ತೆರೆಯಬೇಕಾಗಲಿಲ್ಲ.

ಹಳೆಯ ಕಂಪ್ಯೂಟರಿನ ಎದುರು ಅಪ್ಪನನ್ನು ಕೂರಿಸಿ, ಅವನ ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಗೇಮ್‌ಪ್ಯಾಡ್ ಇಟ್ಟಳು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯ ಸುತ್ತ ಸುತ್ತಿದಳು. ಎಡಗಡೆಯ ಕಡ್ಡಿ ತಿರುವಿಗೆ, ಬಲಗಡೆಯದನ್ನು ಮುಂದೊತ್ತಿದರೆ ಓಟಕ್ಕೆ.

“ಅಷ್ಟು ಎತ್ತರದಲ್ಲಿ ಕೂತವನನ್ನ ರಸ್ತೆಗೆ ಇಳಿಸಿಬಿಟ್ಟೆಯಲ್ಲೇ,” ಎಂದ ಅಪ್ಪ. ಕಾರು ಹೊರಟಿತು. ಮೊದಲ ತಿರುವಿನಲ್ಲೇ ಹೋಗಿ ಗೋಡೆಗೆ ಗುದ್ದಿತು.

“ನಡುಗ್ತು,” ಎಂದ.

ತಮಾಷೆಯೇನೋ ಎಂದು ಅವಳು ಅವನ ಮುಖ ನೋಡಿದಳು. ಸುಳ್ಳು ಹೇಳುವಾಗ ಅಪ್ಪ ಮೀಸೆ ತೀಡಿಕೊಳ್ಳುತ್ತಿದ್ದ. ಅಮ್ಮ ಬದುಕಿದ್ದಷ್ಟು ಕಾಲವೂ ಅದೊಂದು ಗುರುತಿನಿಂದಲೇ ಅವನನ್ನು ಹಿಡಿದುಹಾಕುತ್ತಿದ್ದಳು. ಮೀಸೆ ತೀಡುವ ಆ ಕೈ ಈಗ ದಿಂಬಿನ ಮೇಲಿತ್ತು.

“ನಿಜವಾಗ್ಲೂ?”

“ಅಂಗೈಯೊಳಗೆ ದುಂಬಿ ಕೂಡಿಹಾಕಿದ ಹಾಗಾಗ್ತಿದೆ ಕಣೆ. ಸ್ವಲ್ಪ ಜಾಸ್ತಿನೇ ಆಯ್ತು. ಕಮ್ಮಿ ಮಾಡೋಕೆ ಬರುತ್ತಾ?”

ನಿಜ ಹೇಳಬೇಕೆಂದು ಅವಳು ಬಾಯಿ ತೆರೆದಳು. ಹೇಳಿದರೆ ತನ್ನ ಸುಳ್ಳಿನ ಬೆನ್ನಿಗೇ ಅಪ್ಪನದೂ ಬಯಲಿಗೆ ಬರುತ್ತಿತ್ತು. ಅವಳ ಕೈ ತಾನಾಗಿ ಕೀಲಿಮಣೆಯತ್ತ ಹೋಗಿ ಯಾವುದೋ ಒಂದು ಗುಂಡಿ ಒತ್ತಿತು.

“ಈಗ?”

“ಹಾಂ, ಈಗ ಹದವಾಗಿದೆ.”

ಅಪ್ಪ ಎಡಗೈಯಿಂದ ಜೇಬಿನ ಫೋನ್ ತೆಗೆದ. ಲಕ್ವ ಹೊಡೆದ ಮೇಲೆ ಅವನ ದನಿ ಇಷ್ಟು ಗಟ್ಟಿಯಾಗಿ ಕೇಳಿದ್ದು ಇದೇ ಮೊದಲು. “ಸಾರ್, ಗಿಡುಗ ಮಾತಾಡ್ತಿರೋದು. ಕೈ ಬಂತು ಸಾರ್. ನಾಳೆನೇ ಹತ್ತಲಾ?” ಆಚೆಯಿಂದ ಏನೋ ಕೇಳಿದರು. “ಅಯ್ಯೋ, ಡಾಕ್ಟರ್ ಯಾಕೆ ಸಾರ್, ನನ್ನ ಮಗಳೇ ಪರೀಕ್ಷೆ ಮಾಡಿದ್ದು. ಪಕ್ಕದಲ್ಲೇ ಇದಾಳೆ, ಬೇಕಾದ್ರೆ ಕೇಳಿ. ನಾನು ಹೇಳಿದ್ರೂ ಹೇಳೇನು, ಅವಳು ಸುಳ್ಳು ಹೇಳೋಳಲ್ಲ.”

ಫೋನನ್ನು ಅವಳ ಕಿವಿಗೆ ಹಿಡಿದ.

“ಹೇಳಮ್ಮ,” ಎಂದಿತು ಸೂಪರ್‌ವೈಸರ್‌ನ ದನಿ. ಅದರ ಹಿಂದೆ ಸುತ್ತಿಗೆಯ ಸದ್ದು, ಯಾರೋ ಯಾರನ್ನೋ ಕೂಗಿ ಕರೆಯುತ್ತಿದ್ದ ಸದ್ದು. “ಕೆಳಗಡೆ ಜನ ಓಡಾಡ್ಕೊಂಡಿರ್ತಾರೆ, ಅದಕ್ಕೇ ಕೇಳ್ತಿರೋದು. ನಿಮ್ಮಪ್ಪನ ಕೈಗೆ ಗೊತ್ತಾಗುತ್ತಾ?”

ಅಪ್ಪ ಆಟ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಆದರೂ ಪರದೆಯ ಮೇಲೆ ಕಾರು ಗೋಡೆಗೆ ಮೂತಿ ಒತ್ತಿಕೊಂಡು ಗಾಲಿ ತಿರುಗಿಸುತ್ತಲೇ ಇತ್ತು. ಅವಳು ದಿಂಬಿನ ಕಡೆ ನೋಡಿದಳು. ಅವನ ಬಲ ಹೆಬ್ಬೆರಳು, ಉಗುರು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ, ಕಡ್ಡಿಯನ್ನು ಇನ್ನೂ ಮುಂದಕ್ಕೇ ಒತ್ತಿ ಹಿಡಿದಿತ್ತು. ಅದು ಅಪ್ಪನಿಗೆ ಗೊತ್ತಿರಲಿಲ್ಲ.