ಬಾಳೆಹಣ್ಣು ಮುಟ್ಟದ ದುಂಬಿ

ಓಣಿಯವರು ಕಳಿಸುವ ಫೋಟೋ ನೋಡಿ, ಅದು ಹುಟ್ಟಿದ ಹುಳುವೋ, ಮನೆಯೊಳಗಿನ ಮಾತು ಕದ್ದು ಕೇಳಲು ಸರ್ಕಾರ ಮಾಡಿ ಬಿಟ್ಟ ಹುಳುವೋ ಎಂದು ಇಂದುಮತಿಬಾಯಿ ಫೋನಿನಲ್ಲಿ ತಿಳಿಸುತ್ತಿದ್ದರು. ಹುಟ್ಟಿದ್ದಾದರೆ ಹಾಗೆಂದೇ ಹೇಳುವರು. ಮಾಡಿದ್ದಾದರೆ, ಅದಕ್ಕೆ ಸುಳಿವು ಸಿಗಬಾರದೆಂದು, ಅಡುಗೆ ಏನೆಂದು ವಿಚಾರಿಸುವುದು ಪದ್ಧತಿ.

ಗೌರವ್ವ ಎರಡು ಫೋಟೋ ಕಳಿಸಿ ಬರೆದಿದ್ದಳು: ತಲೆಮರೆಸಿಕೊಂಡ ಮಗಳು ಎಲ್ಲಿದ್ದಾಳೆಂದು ಕಣ್ಣು ಕಾಣದ ಗಂಡನಿಗೆ ಬಾಯಿಬಿಟ್ಟೇ ಹೇಳಬೇಕು, ಈ ಹಸಿರು ದುಂಬಿ ಅವನ ಮಂಚ ಬಿಟ್ಟು ಕದಲುತ್ತಿಲ್ಲ.

ದುಂಬಿಗೆ ಒಂದು ಕಾಲಿರಲಿಲ್ಲ. ಮಾಡಿದ ಹುಳುಗಳಿಗೆ ಇಂಥ ಊನ ಇರುವುದಿಲ್ಲ. ನಿಶ್ಚಿಂತೆಯಿಂದ ಫೋನ್ ಎತ್ತಿಕೊಂಡ ಇಂದುಮತಿಬಾಯಿ ಯಾಕೋ ಮತ್ತೊಮ್ಮೆ ನೋಡಿದರು. ಕುಂಟ ಹುಳುವೆಂಬ ಕನಿಕರಕ್ಕೆ ಗೌರವ್ವ ಅದರ ಬಾಯಿಯ ಹತ್ತಿರ ಬಾಳೆಹಣ್ಣಿನ ಚೂರು ಇಟ್ಟಿದ್ದಳು. ಮೊದಲ ಫೋಟೋದಲ್ಲಿ ಹಣ್ಣು ಹಳದಿ. ಮೂರು ದಿನದ ನಂತರದ ಫೋಟೋದಲ್ಲಿ ಅದು ಕಪ್ಪಾಗಿ ಇರುವೆ ಮುತ್ತಿದ್ದವು. ದುಂಬಿ ಮಾತ್ರ ಮುಟ್ಟಿರಲಿಲ್ಲ.

"ಏನ್ ಅಡಿಗಿ ಮಾಡೀಯವ್ವಾ ಗೌರವ್ವ?"

ಆ ಕಡೆ ತಟ್ಟೆ ಇಟ್ಟ ಸದ್ದಾಯಿತು.

"ಝುಣಕ, ರೊಟ್ಟಿ ಮಾಡೀನ್ರೀ ಬಾಯಾರ."

ಹಿಂದಿನಿಂದ ಗಂಡನ ದನಿ ಕೇಳಿತು. "ಏನಂತ? ಮಗಳ ಸುದ್ದಿ ಹತ್ತಿತೇನ?"

"ಎಲ್ಲಿ ಹತ್ತತೈತ್ರೀ," ಎಂದಳು ಗೌರವ್ವ. "ಮೊದ್ಲ ಒಂದ್ ತುತ್ತು ಉಣ್ರಿ."